ಎದೆಬಡಿತ ನಿಂತವರಿಗೆ ಹಾಕುವ ಸೂಜಿ ನಿಜಕ್ಕೂ ಎಷ್ಟು ಜನರನ್ನು ಉಳಿಸುತ್ತದೆ?

ಗದಗ_ರಾತ್ರಿಪಾಳಿ:

ನಾನು ಎಮರ್ಜೆನ್ಸಿ ವಾರ್ಡಿನಲ್ಲಿ ನರ್ಸ್. ಯಾವ ಆಸ್ಪತ್ರೆ ಅಂತ ಬೇಡ, ಗದಗ ಅಂದರೆ ಸಾಕು. ನಮ್ಮ ಕಡೆ ಸೂಜಿ ಮೇಲೆ ಎಷ್ಟು ನಂಬಿಕೆ ಅಂತ ನಿಮಗೇ ಗೊತ್ತು. ನೆಗಡಿಗೂ ಸೂಜಿ, ಸುಸ್ತಿಗೂ ಸೂಜಿ. ಬರೀ ಗುಳಿಗೆ ಬರೆದು ಕಳಿಸುವ ಡಾಕ್ಟರ್ ಹತ್ತಿರ ಯಾರೂ ಎರಡನೇ ಸಲ ಹೋಗುವುದಿಲ್ಲ.

ಎದೆಬಡಿತ ನಿಂತವರನ್ನು ಟಾಟಾ ಏಸ್‌ನಲ್ಲಿ ಮಲಗಿಸಿಕೊಂಡು ಬಂದಾಗಲೂ ಅದೇ ಮಾತು. ನಾವು ಬೆವರು ಸುರಿಸುತ್ತಾ ಎದೆ ಒತ್ತುತ್ತಿರುತ್ತೇವೆ. ಹಿಂದಿನಿಂದ "ಅದನ್ನ ಬಿಡ್ರಿ, ಜೋರಂದು ಒಂದು ಸೂಜಿ ಹಾಕ್ರಿ" ಅಂತ ಕೂಗುತ್ತಾರೆ. ಸೂಜಿಯನ್ನೂ ಹಾಕುತ್ತೇವೆ. ಅಡ್ರಿನಲಿನ್, 1 ಮಿಲಿಗ್ರಾಂ, 3ರಿಂದ 5 ನಿಮಿಷಕ್ಕೊಮ್ಮೆ. ಪ್ರಪಂಚದಲ್ಲೆಲ್ಲಾ ಹೀಗೇ ಮಾಡುತ್ತಾರೆ.

ಆದರೆ ಈ ಸೂಜಿಯಿಂದ ನಿಜಕ್ಕೂ ಉಪಯೋಗ ಇದೆಯಾ ಅಂತ ದೊಡ್ಡ ಮಟ್ಟದಲ್ಲಿ ಪರೀಕ್ಷೆ ಮಾಡಿ ನೋಡಿದ್ದು ತೀರಾ ಇತ್ತೀಚೆಗೆ. ಮಾಡಿದವರು ಇಂಗ್ಲೆಂಡಿನ ವಾರಿಕ್ ವಿಶ್ವವಿದ್ಯಾಲಯದ ಗ್ಯಾವಿನ್ ಪರ್ಕಿನ್ಸ್ ಮತ್ತು ಅವರ ತಂಡ. ಟ್ರಯಲ್ ಹೆಸರು ಪ್ಯಾರಾಮೆಡಿಕ್-2. ಇಂಗ್ಲೆಂಡ್ ಮತ್ತು ವೇಲ್ಸ್‌ನ ಐದು ಆಂಬುಲೆನ್ಸ್ ಸೇವೆಗಳು ಸೇರಿಕೊಂಡವು. 2014ರ ಡಿಸೆಂಬರ್‌ನಿಂದ 2017ರ ಅಕ್ಟೋಬರ್ ತನಕ ನಡೆಯಿತು. ಆಸ್ಪತ್ರೆಯ ಹೊರಗೆ ಎದೆಬಡಿತ ನಿಂತ 8,014 ಜನ. ಅರ್ಧದಷ್ಟು ಜನರಿಗೆ ಅಡ್ರಿನಲಿನ್, ಉಳಿದವರಿಗೆ ಅದೇ ಥರದ ಸಿರಿಂಜಿನಲ್ಲಿ ಬರೀ ಸಲೈನ್. ಯಾರಿಗೆ ಯಾವುದು ಹೋಯಿತು ಅಂತ ಆಂಬುಲೆನ್ಸಿನವರಿಗೂ ಗೊತ್ತಿರಲಿಲ್ಲ. ಫಲಿತಾಂಶ 2018ರಲ್ಲಿ ಬಂತು.

30 ದಿನದ ನಂತರ ಬದುಕಿದ್ದವರು: ಅಡ್ರಿನಲಿನ್ ಗುಂಪಿನಲ್ಲಿ ನೂರಕ್ಕೆ 3.2, ಸಲೈನ್ ಗುಂಪಿನಲ್ಲಿ 2.4. ಅಂದರೆ ಸೂಜಿ ಕೆಲಸ ಮಾಡುತ್ತದೆ. ಆದರೆ ಮೆದುಳು ಚೆನ್ನಾಗಿದ್ದು ಮನೆಗೆ ಹೋದವರು ಎಷ್ಟು ಅಂತ ನೋಡಿದರೆ 2.2 ಮತ್ತು 1.9. ಇಷ್ಟು ಸಣ್ಣ ವ್ಯತ್ಯಾಸವನ್ನು ನಂಬುವ ಹಾಗಿಲ್ಲ, ಸುಮ್ನೆ ಹಾಗೇ ಬಂದಿರಬಹುದು. ಇನ್ನು ಬದುಕಿ ಉಳಿದವರ ಪೈಕಿ ಮೆದುಳಿಗೆ ತೀವ್ರ ಪೆಟ್ಟು ಬಿದ್ದವರು ಅಡ್ರಿನಲಿನ್ ಗುಂಪಿನಲ್ಲಿ ನೂರಕ್ಕೆ 31, ಸಲೈನ್ ಗುಂಪಿನಲ್ಲಿ 17.8.

ಅದೇ ವರದಿಯ ಕೊನೆ ಭಾಗದಲ್ಲಿ ಇನ್ನೊಂದು ಲೆಕ್ಕ ಇದೆ, ನಾನು ಈ ಚರ್ಚೆ ಶುರು ಮಾಡಿದ್ದೇ ಅದಕ್ಕಾಗಿ. ಒಂದು ಜೀವ ಹೆಚ್ಚಿಗೆ ಉಳಿಯಬೇಕಾದರೆ ಎಷ್ಟು ಜನರಿಗೆ ಆ ಚಿಕಿತ್ಸೆ ಕೊಡಬೇಕು ಅನ್ನುವ ಲೆಕ್ಕ. ಅಡ್ರಿನಲಿನ್‌ಗೆ 112. ಪಕ್ಕದಲ್ಲಿದ್ದವರು ಎದೆ ಒತ್ತಿದರೆ 15. ಇದು ಎದೆಬಡಿತ ನಿಂತಿರುವುದು ಅಂತ ಬೇಗ ಗುರುತಿಸಿದರೆ 11. ಯಂತ್ರದಿಂದ ಹೃದಯಕ್ಕೆ ಬೇಗ ಕರೆಂಟ್ ಶಾಕ್ ಕೊಟ್ಟರೆ 5.

ಜನ ಕೂಗಿ ಕೂಗಿ ಕೇಳುವುದು 112 ಇರುವುದನ್ನು. 11 ಮತ್ತು 15 ಎರಡೂ ಅವರ ಕೈಯಲ್ಲೇ ಇದ್ದವು, ನಮ್ಮ ಬಾಗಿಲಿಗೆ ಬರುವ ಮೊದಲೇ ಕಳೆದುಹೋಗಿರುತ್ತವೆ. ನೀವೆಲ್ಲ ಏನಂತೀರಿ?


ಬ್ಯಾಡಗಿ_ಖಾರ:

ಒಂದು ನಿಮಿಷ ತಾಳಿ. ಸಾಯುತ್ತಿರುವ ನಾಲ್ಕು ಸಾವಿರ ಜನಕ್ಕೆ ಉಪ್ಪುನೀರು ಕೊಟ್ಟರಾ? ಅವರ ಮನೆಯವರನ್ನು ಕೇಳಿದರಾ? ಇದೇ ಕೆಲಸವನ್ನು ನಮ್ಮ ಹಾವೇರಿ ಜಿಲ್ಲೆಯಲ್ಲಿ ಯಾರಾದರೂ ಮಾಡಿದ್ದರೆ ಮರುದಿನ ಆಸ್ಪತ್ರೆಯ ಗಾಜು ಉಳಿಯುತ್ತಿರಲಿಲ್ಲ. ಇಂಗ್ಲೆಂಡಿನವರು ಮಾಡಿದರೆ ಸಂಶೋಧನೆ, ಅಲ್ವಾ?


ಗದಗ_ರಾತ್ರಿಪಾಳಿ:

ಕೇಳಬೇಕಾದ ಪ್ರಶ್ನೆನೇ ಕೇಳಿದ್ದೀರಿ. ಅಲ್ಲೂ ಇದೇ ಗಲಾಟೆ ಆಗಿತ್ತು, ಪತ್ರಿಕೆಗಳಲ್ಲೂ ಬಂದಿತ್ತು.

ಮೊದಲು ಒಂದು ತಿಳಿದುಕೊಳ್ಳಿ, ಸಲೈನ್ ಗುಂಪಿನವರಿಗೆ ಚಿಕಿತ್ಸೆ ನಿಲ್ಲಿಸಿರಲಿಲ್ಲ. ಎದೆ ಒತ್ತುವುದು, ಶಾಕ್, ಆಮ್ಲಜನಕ ಎಲ್ಲವೂ ಎರಡೂ ಗುಂಪಿಗೆ ಒಂದೇ. ಅದರಿಂದ ಹೃದಯ ಮತ್ತೆ ಶುರುವಾಗದವರನ್ನು ಮಾತ್ರ ಟ್ರಯಲ್‌ಗೆ ಸೇರಿಸಿದರು. ಸಿರಿಂಜಿನಲ್ಲಿ ಏನಿತ್ತು ಅನ್ನುವುದಷ್ಟೇ ವ್ಯತ್ಯಾಸ.

ಒಪ್ಪಿಗೆ ವಿಷಯ. ಉಸಿರು ನಿಂತವರನ್ನು ಕೇಳಲು ಆಗುವುದಿಲ್ಲ. ಮನೆಯವರಿಗೆ ಕಾಗದ ಓದಿ ಹೇಳುತ್ತಾ ಕೂತರೆ ಅಷ್ಟರಲ್ಲಿ ಮುಗಿದಿರುತ್ತದೆ. ಅದಕ್ಕೆ ಎಥಿಕ್ಸ್ ಸಮಿತಿಯ ಅನುಮತಿ ಪಡೆದು ಮೊದಲೇ ಊರಿಗೆಲ್ಲ ಪ್ರಚಾರ ಮಾಡಿದರು. ನನಗೆ ಈ ಟ್ರಯಲ್ ಬೇಡ ಅನ್ನುವವರು ಒಂದು ಸ್ಟೀಲ್ ಕಡಗ ತರಿಸಿ ಹಾಕಿಕೊಳ್ಳಬಹುದಿತ್ತು. ಕಡಗ ಕಂಡರೆ ಆಂಬುಲೆನ್ಸಿನವರು ಸೇರಿಸುತ್ತಿರಲಿಲ್ಲ. ಬದುಕಿದವರಿಗೆ ಅಥವಾ ಅವರ ಮನೆಯವರಿಗೆ ಆಮೇಲೆ ವಿಷಯ ತಿಳಿಸಿ ಮುಂದೆ ಇರಬೇಕಾ ಬೇಡವಾ ಅಂತ ಕೇಳಿದರು.

ಇನ್ನೊಂದು ಮಾತು. ನೀವು ಉಪ್ಪುನೀರು ಕೊಟ್ಟವರಿಗೆ ಅನ್ಯಾಯ ಆಯಿತು ಅಂತೀರಿ. ಆದರೆ ಟ್ರಯಲ್ ಶುರುವಾದಾಗ ಯಾರಿಗೆ ಅನ್ಯಾಯ ಆಗುತ್ತಿದೆ ಅಂತಲೇ ಯಾರಿಗೂ ಗೊತ್ತಿರಲಿಲ್ಲ. 1960ರ ದಶಕದಿಂದ ಲಕ್ಷಾಂತರ ಜನರಿಗೆ ಕೊಡುತ್ತಾ ಬಂದಿದ್ದರು. ಪ್ರಾಣಿಗಳ ಮೇಲಿನ ಪ್ರಯೋಗ, ಕೆಲವು ಸಣ್ಣ ಅಧ್ಯಯನ, ಅಷ್ಟೇ ಆಧಾರ. ಕೆಲವರಂತೂ ಇದು ಮೆದುಳಿಗೆ ಕೇಡು ಮಾಡುತ್ತಿದೆ ಅಂತಲೇ ವಾದಿಸುತ್ತಿದ್ದರು.

ಪರ್ಕಿನ್ಸ್‌ಗಿಂತ ಮೊದಲು ಆಸ್ಟ್ರೇಲಿಯಾದಲ್ಲಿ ಇದೇ ಪ್ರಯತ್ನ ನಡೆದಿತ್ತು, 2011ರಲ್ಲಿ ಅದರ ವರದಿ ಬಂತು. ಸುಮಾರು 5,000 ಜನರನ್ನು ಸೇರಿಸುವ ಯೋಜನೆ. ನೀವು ಹೇಳಿದ ಕಾರಣಕ್ಕೇ ಆಂಬುಲೆನ್ಸ್ ಸೇವೆಗಳು ಒಂದೊಂದಾಗಿ ಹಿಂದೆ ಸರಿದವು. ಕೊನೆಗೆ ಲೆಕ್ಕಕ್ಕೆ ಸಿಕ್ಕಿದ್ದು 534 ಜನ. ಅಷ್ಟರಿಂದ ಏನನ್ನೂ ಖಚಿತವಾಗಿ ಹೇಳಲು ಆಗಲಿಲ್ಲ.


ಬ್ಯಾಡಗಿ_ಖಾರ:

ಕಡಗದ ವಿಷಯ ಗೊತ್ತಿರಲಿಲ್ಲ. ಆದರೂ ಪ್ರಚಾರ ಮಾಡಿದೆವು ಅಂದರೆ ಎಲ್ಲರಿಗೂ ತಲುಪಿತು ಅಂತ ಅಲ್ಲ. ನಮ್ಮೂರಲ್ಲಿ ಗ್ರಾಮಸಭೆ ಇದೆ ಅಂತ ಡಂಗುರ ಹೊಡೆಸಿದರೂ ಬರುವವರು ಎಷ್ಟು ಜನ ಅಂತ ನೋಡಿದ್ದೇನೆ. ನನ್ನ ಅಪ್ಪನಿಗೆ ಹಾಗೆ ಮಾಡಿದ್ದರೆ ನಾನು ಒಪ್ಪುತ್ತಿರಲಿಲ್ಲ. ಇದು ನನ್ನ ಅಭಿಪ್ರಾಯ, ಬದಲಾಗುವುದಿಲ್ಲ.


ಸಪ್ತಾಪುರ_ರೂಮ್‌ಮೇಟ್:

ನಾನು ಮೆಡಿಕಲ್ ಓದುತ್ತಿದ್ದೇನೆ, ಧಾರವಾಡದಲ್ಲಿ ರೂಮ್. ಮೊನ್ನೆಯಷ್ಟೇ ಫಾರ್ಮಕಾಲಜಿ ಪರೀಕ್ಷೆಗೆ ಇದನ್ನೇ ಉರು ಹೊಡೆದಿದ್ದೆ, ಹಾಗಾಗಿ ಸುಮ್ಮನೆ ಇರಲು ಆಗುತ್ತಿಲ್ಲ.

ಸೂಜಿ ಹೃದಯವನ್ನು ಎಬ್ಬಿಸುತ್ತದೆ, ಮೆದುಳನ್ನು ಯಾಕೆ ಉಳಿಸುವುದಿಲ್ಲ? ಅಡ್ರಿನಲಿನ್ ಮೈತುಂಬ ಸಣ್ಣ ರಕ್ತನಾಳಗಳನ್ನು ಬಿಗಿ ಹಿಡಿಯುತ್ತದೆ. ಕೈಕಾಲು, ಹೊಟ್ಟೆ ಕಡೆಗೆ ಹೋಗುವ ರಕ್ತ ಕಡಿಮೆಯಾಗಿ ಮಹಾಪಧಮನಿಯಲ್ಲಿ ಒತ್ತಡ ಏರುತ್ತದೆ. ಹೃದಯದ ಸ್ವಂತ ರಕ್ತನಾಳಗಳಿಗೆ ರಕ್ತ ನುಗ್ಗುವುದು ಆ ಒತ್ತಡದಿಂದಲೇ. ಅದಕ್ಕೇ ಬಡಿತ ವಾಪಸ್ ಬರುವುದು ಜಾಸ್ತಿ. ಆ ಟ್ರಯಲ್‌ನಲ್ಲೇ ನೋಡಿ, ನಾಡಿ ವಾಪಸ್ ಬಂದವರು ಅಡ್ರಿನಲಿನ್ ಗುಂಪಿನಲ್ಲಿ ನೂರಕ್ಕೆ 36.3, ಸಲೈನ್ ಗುಂಪಿನಲ್ಲಿ 11.7. ಮೂರು ಪಟ್ಟು! ಇದನ್ನು ಕಣ್ಣಾರೆ ನೋಡಿದ ಡಾಕ್ಟರಿಗೆ ಸೂಜಿ ಪವಾಡ ಅಂತ ಅನಿಸುವುದು ಸಹಜ. ಐವತ್ತು ವರ್ಷ ಹೆಚ್ಚಿನವರು ಪ್ರಶ್ನೆ ಮಾಡದೇ ಇದ್ದದ್ದು ಇದೇ ಕಾರಣಕ್ಕೆ ಇರಬೇಕು ಅಂತ ನನ್ನ ಊಹೆ.

ಆದರೆ ಅದೇ ಬಿಗಿತ ಮೆದುಳಿನ ಅತಿ ಸಣ್ಣ ನಾಳಗಳಲ್ಲೂ ಆಗಬಹುದು ಅಂತ ಪ್ರಾಣಿಗಳ ಮೇಲಿನ ಪ್ರಯೋಗಗಳು ತೋರಿಸಿವೆ. ಅದರ ಜೊತೆಗೆ ಸಮಯ. ಟ್ರಯಲ್‌ನಲ್ಲಿ ಫೋನ್ ಮಾಡಿದಾಗಿನಿಂದ ಸೂಜಿ ಒಳಗೆ ಹೋಗುವಷ್ಟರಲ್ಲಿ ಸುಮಾರು 21 ನಿಮಿಷ ಆಗಿತ್ತು. ರಕ್ತ ಹೋಗದಿದ್ದರೆ ಕೆಲವೇ ನಿಮಿಷಕ್ಕೆ ಮೆದುಳಿನ ಜೀವಕೋಶ ಸಾಯಲು ಶುರು. ಹೃದಯ ಗಟ್ಟಿ, ಅಷ್ಟು ಹೊತ್ತು ತಡೆಯುತ್ತದೆ. ತಡವಾಗಿ ಹೃದಯವನ್ನು ಎಬ್ಬಿಸಿದರೆ ಅಷ್ಟರಲ್ಲಿ ಮೆದುಳು ಹೋಗಿರುತ್ತದೆ. ಅದು ಸೂಜಿಯ ತಪ್ಪಾ, ತಡವಾದದ್ದರ ತಪ್ಪಾ ಅಂತ ಬಿಡಿಸಿ ಹೇಳುವುದು ಕಷ್ಟ. ನನ್ನ ಪ್ರಕಾರ ತಡವಾದದ್ದೇ ದೊಡ್ಡದು.


ನವನಗರದವಳು:

ಲೆಕ್ಕ ಎಲ್ಲ ಓದಿದೆ. ಈಗ ನನ್ನ ಮಾತು ಕೇಳಿ.

ನಮ್ಮ ಯಜಮಾನರ ಕಾಕಾ ಅವರಿಗೆ ಹೀಗೇ ಆಗಿತ್ತು. ಬಡಿತ ವಾಪಸ್ ಬಂತು. ವೆಂಟಿಲೇಟರ್ ಮೇಲೆ ಇಟ್ಟರು. ಆಮೇಲೆ ಮನೆಗೆ ಬಂದರು, ಆದರೆ ಅವರಿಗೆ ಯಾರ ಗುರುತೂ ಇರಲಿಲ್ಲ. ಮೂಗಿನ ನಳಿಗೆಯಲ್ಲಿ ಗಂಜಿ. ಎರಡು ತಾಸಿಗೊಮ್ಮೆ ಮಗ್ಗಲು ಬದಲಿಸಬೇಕು, ಇಲ್ಲದಿದ್ದರೆ ಬೆನ್ನಿಗೆ ಹುಣ್ಣು. ಬಿಲ್ ಕಟ್ಟಲು ಕಾಕು ಹೊಲ ಒತ್ತೆ ಇಟ್ಟರು. ಆಸ್ಪತ್ರೆಯವರ ಲೆಕ್ಕದಲ್ಲಿ ಅವರು "ಉಳಿದವರು". ನೋಡಲು ಬಂದವರೆಲ್ಲ "ಜೀವ ಉಳೀತಲ್ಲ, ಅಷ್ಟೇ ಪುಣ್ಯ" ಅನ್ನುತ್ತಿದ್ದರು. ಮಗ್ಗಲು ಬದಲಿಸಲು ಅವರಲ್ಲಿ ಯಾರೂ ನಿಲ್ಲಲಿಲ್ಲ.

ಆದರೆ ಕಾಕು ಅವರನ್ನು ಕೇಳಿದರೆ ಇವತ್ತಿಗೂ "ಇದ್ದರಲ್ಲ, ಅಷ್ಟು ಸಾಕು" ಅನ್ನುತ್ತಾರೆ. ಅದಕ್ಕೇ ಈ 31 ಅನ್ನುವ ಅಂಕಿ ನೋಡಿ ಯಾರೂ ಅಂಥವರು ಬದುಕಿ ಏನು ಪ್ರಯೋಜನ ಅಂತ ಬರೆಯಬೇಡಿ. ನನಗೆ ಸಿಟ್ಟು ಬರುತ್ತದೆ. ಅವರು ಬೇಕಾ ಬೇಡವಾ ಅಂತ ನಾನು ಕೇಳುತ್ತಿಲ್ಲ. ಮನೆಯವರಿಗೆ ಮೊದಲೇ ಒಂದು ಮಾತು ಯಾಕೆ ಹೇಳುವುದಿಲ್ಲ? ಬಡಿತ ಬಂದ ತಕ್ಷಣ "ಪೇಷಂಟ್ ವಾಪಸ್ ಬಂದರು" ಅಂತ ಹೇಳಿದರು. ನಾವು ಪೇಡಾ ತರಲು ಹೋಗಿದ್ದೆವು.


ಗದಗ_ರಾತ್ರಿಪಾಳಿ:

ಅಕ್ಕಾ, ನೀವು ಹೇಳಿದ್ದು ನಮ್ಮ ಕೆಲಸದವರು ಓದಬೇಕಾದ ಮಾತು. ನಾಡಿ ಸಿಕ್ಕ ಕೂಡಲೇ ನಮಗೂ ಖುಷಿ ಆಗುತ್ತದೆ, ಆ ಖುಷಿಯಲ್ಲಿ ಬಾಯಿಂದ ಬಂದುಬಿಡುತ್ತದೆ. ಮೆದುಳಿನ ಸ್ಥಿತಿ ಗೊತ್ತಾಗಲು ಕನಿಷ್ಠ ಮೂರು ದಿನ ಬೇಕು. ಅದಕ್ಕೂ ಮೊದಲು ಖಚಿತವಾಗಿ ಏನೂ ಹೇಳಬಾರದು ಅಂತಲೇ ಇದೆ.

ಪರ್ಕಿನ್ಸ್ ತಂಡ ಟ್ರಯಲ್‌ಗೆ ಮೊದಲು ರೋಗಿಗಳನ್ನು, ಸಾಮಾನ್ಯ ಜನರನ್ನು ಕೂರಿಸಿಕೊಂಡು ಇದನ್ನೇ ಕೇಳಿತ್ತು. ನಿಮಗೆ ಯಾವುದು ಮುಖ್ಯ, ಬದುಕುವುದಾ ಅಥವಾ ಮೆದುಳು ಚೆನ್ನಾಗಿದ್ದು ಬದುಕುವುದಾ? ಎರಡನೆಯದೇ ಹೆಚ್ಚು ಮುಖ್ಯ ಅಂತ ಅಲ್ಲಿನವರು ಹೇಳಿದರು. ಕಾಕು ಅವರನ್ನು ಕೇಳಿದ್ದರೆ ಬೇರೆ ಉತ್ತರ ಸಿಗುತ್ತಿತ್ತು. ನಮ್ಮ ಕಡೆ ಈ ಪ್ರಶ್ನೆಯನ್ನು ಯಾರಾದರೂ ಸರಿಯಾಗಿ ಕೇಳಬೇಕು ಅಂತ ನನಗೆ ಬಹಳ ಅನಿಸುತ್ತದೆ.


ಮುಳಗುಂದ_ನಾಕಾ:

112 ಅಂದ ಕೂಡಲೇ ಪೊಲೀಸ್ ಗಾಡಿ ನೆನಪಾಯಿತು 😀

ನನ್ನದು ದಡ್ಡ ಪ್ರಶ್ನೆ. ಅಪ್ಪು ಹೆಸರಿನಲ್ಲಿ ಸರಕಾರ ತಾಲೂಕು ಆಸ್ಪತ್ರೆಗಳಲ್ಲಿ ಫ್ರೀ ಆಗಿ ದುಬಾರಿ ಇಂಜೆಕ್ಷನ್ ಕೊಡುತ್ತದಲ್ಲ, ಅದೂ ಇದೇ ಸೂಜಿನಾ? ಅದೂ ದಂಡನಾ ಹಾಗಾದರೆ?


ಗದಗ_ರಾತ್ರಿಪಾಳಿ:

ಅಯ್ಯೋ, ದಂಡ ಅಲ್ಲವೇ ಅಲ್ಲ! ಇದನ್ನು ಕೇಳಿದ್ದು ಒಳ್ಳೆಯದಾಯಿತು.

ಹೊಲದ ಬೋರ್‌ವೆಲ್ ನೆನಪು ಮಾಡಿಕೊಳ್ಳಿ. ಪೈಪಿನಲ್ಲಿ ಕಸ ಕಟ್ಟಿ ನೀರು ಬರುತ್ತಿಲ್ಲ, ಮೋಟರ್ ಮಾತ್ರ ಓಡುತ್ತಿದೆ. ಅದು ಹಾರ್ಟ್ ಅಟ್ಯಾಕ್. ಮೋಟರೇ ನಿಂತಿದ್ದರೆ ಅದು ಕಾರ್ಡಿಯಾಕ್ ಅರೆಸ್ಟ್. ಕಸ ಕಟ್ಟಿದ್ದನ್ನು ಬಿಟ್ಟರೆ ಮೋಟರ್ ಸುಟ್ಟು ನಿಲ್ಲಬಹುದು.

ಹೃದಯ ಜ್ಯೋತಿ ಯೋಜನೆಯಲ್ಲಿ ಕೊಡುವುದು ಟೆನೆಕ್ಟೆಪ್ಲೇಸ್. ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಔಷಧ. ಎದೆನೋವು ಅಂತ ಬಂದವರಿಗೆ ತಾಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆದು, ದೊಡ್ಡ ಕೇಂದ್ರದ ತಜ್ಞರು ನೋಡಿ ಹೇಳಿದರೆ ಅಲ್ಲೇ ಕೊಡುತ್ತಾರೆ. ಅದರಿಂದ ನಿಜವಾಗಿಯೂ ಜೀವ ಉಳಿಯುತ್ತದೆ, ಎಷ್ಟು ಬೇಗ ಹೋದರೆ ಅಷ್ಟು. ಎದೆ ಹಿಡಿದಂತಾಗಿ ಎಡಗೈ, ದವಡೆ ಕಡೆ ಹರಿದು ಬೆವರು ಬಂದರೆ ಗ್ಯಾಸ್ ಅಂತ ಸೋಡಾ ಕುಡಿದು ಮಲಗಬೇಡಿ. ಈ ಚರ್ಚೆಯ ಸೂಜಿ ಬೇರೆ. ಬಡಿತವೇ ನಿಂತ ಮೇಲೆ ಕೊಡುವುದು.


ಹಾನಗಲ್_ಕಡೆಯವ:

ಬೇಜಾರು ಮಾಡಿಕೊಳ್ಳಬೇಡಿ, ಆದರೆ ಈ ಲೆಕ್ಕ ಎಲ್ಲ ನಮಗೆ ಹೊಂದುವುದಿಲ್ಲ. ಆ ಟ್ರಯಲ್‌ನಲ್ಲಿ ಆಂಬುಲೆನ್ಸ್ ಎಷ್ಟು ಹೊತ್ತಿಗೆ ಬಂತು? ಅಲ್ಲಿ ಹೆಚ್ಚಿನವರಿಗೆ ಮೊದಲೇ ಯಾರೋ ಎದೆ ಒತ್ತಿರುತ್ತಾರೆ. ನಮ್ಮೂರಲ್ಲಿ ಹೇಗೆ ಅಂತ ಹೇಳಲಾ? ಬಿದ್ದವನ ಸುತ್ತ ಇಪ್ಪತ್ತು ಜನ. ಒಬ್ಬ ಮುಖಕ್ಕೆ ನೀರು ಚಿಮುಕಿಸುತ್ತಾನೆ. ಒಬ್ಬ ಬಾಯಿಗೆ ನೀರು ಹಾಕುತ್ತಾನೆ. ಒಬ್ಬ ಅಂಗಾಲು ಉಜ್ಜುತ್ತಾನೆ. ಒಬ್ಬರು ಕೈಯಲ್ಲಿ ಬೀಗದ ಕೈ ಹಿಡಿಸುತ್ತಾರೆ, ಫಿಟ್ಸ್ ಇರಬಹುದು ಅಂತ. ಇನ್ನೊಬ್ಬ ಗಾಳಿ ಬಿಡ್ರಿ ಅಂತ ಕೂಗುತ್ತಾ ತಾನೇ ಅಡ್ಡ ನಿಂತಿರುತ್ತಾನೆ. ಆಮೇಲೆ ಯಾರದೋ ಕಾರಿನ ಹಿಂದಿನ ಸೀಟಿನಲ್ಲಿ ಮಡಚಿ ಕೂರಿಸಿಕೊಂಡು ಹೊರಡುವುದು. ಹಾನಗಲ್‌ನಿಂದ ಹುಬ್ಬಳ್ಳಿ ಅಂದರೆ ಒಂದೂವರೆ ತಾಸಿಗೆ ಕಡಿಮೆ ಇಲ್ಲ. ಇಲ್ಲಿ 112 ಆಗಲಿ 15 ಆಗಲಿ, ಎಲ್ಲ ಒಂದೇ.


ಸಪ್ತಾಪುರ_ರೂಮ್‌ಮೇಟ್:

ಅಲ್ಲಿ ಆಂಬುಲೆನ್ಸ್ ಬಂದದ್ದು ಸುಮಾರು ಆರೂವರೆ ನಿಮಿಷಕ್ಕೆ. ಎದೆ ಒತ್ತಿದ್ದ ಕೇಸುಗಳೂ ಅರ್ಧಕ್ಕಿಂತ ಜಾಸ್ತಿ. ಹಾಗಾಗಿ ನೀವು ಹೇಳಿದ್ದು ಸರಿ, ಅಂಕಿ ಹೊಂದುವುದಿಲ್ಲ. ಆದರೆ ಅದು ನಿಮ್ಮ ವಾದಕ್ಕೇ ತಿರುಗಿಬೀಳುತ್ತದೆ ನೋಡಿ. ಆರು ನಿಮಿಷಕ್ಕೆ ಆಂಬುಲೆನ್ಸ್ ಬರುವ ಊರಿನಲ್ಲೇ ಪಕ್ಕದವರ ಕೈ ಸೂಜಿಗಿಂತ ಇಷ್ಟು ಮೇಲು ಅಂದರೆ, ಆಂಬುಲೆನ್ಸ್ ತಡವಾಗುವ ಊರಿನಲ್ಲಿ ಅದನ್ನು ಬಿಟ್ಟರೆ ಬೇರೆ ಏನಿದೆ?

ಸ್ವೀಡನ್‌ನ ಲೆಕ್ಕವೂ ಒಂದಿದೆ, 2015ರಲ್ಲಿ ಬಂದದ್ದು. ಯಾರೋ ನೋಡುತ್ತಿರುವಾಗಲೇ ಕುಸಿದುಬಿದ್ದ 30,381 ಜನರ ದಾಖಲೆ. ಆಂಬುಲೆನ್ಸ್ ಬರುವ ಮೊದಲೇ ಎದೆ ಒತ್ತಿದವರಲ್ಲಿ 30 ದಿನದ ನಂತರ ನೂರಕ್ಕೆ 10.5 ಜನ ಬದುಕಿದ್ದರು. ಒತ್ತದವರಲ್ಲಿ 4. ಇದು ಟ್ರಯಲ್ ಅಲ್ಲ, ದಾಖಲೆ ನೋಡಿ ತೆಗೆದ ಲೆಕ್ಕ, ಅಷ್ಟು ಎಚ್ಚರಿಕೆ ಇರಲಿ. ಆದರೂ ವ್ಯತ್ಯಾಸ ಸಣ್ಣದಲ್ಲ.


ಹಾನಗಲ್_ಕಡೆಯವ:

ಒತ್ತುತ್ತಾ ಒಂದೂವರೆ ತಾಸು ಕೂರುವುದಾ? ಕಾರಿನಲ್ಲಿ ಹೇಗೆ ಒತ್ತುವುದು? ಇದಕ್ಕೆ ಉತ್ತರ ಕೊಡಿ ಮೊದಲು.


ಗದಗ_ರಾತ್ರಿಪಾಳಿ:

ಕಾರಿನಲ್ಲಿ ಆಗುವುದಿಲ್ಲ. ಅದಕ್ಕೇ ಮೊದಲು ಎತ್ತಿಕೊಂಡು ಓಡಬೇಡಿ ಅನ್ನುವುದು. ಬಿದ್ದ ಜಾಗದಲ್ಲೇ, ಗಟ್ಟಿ ನೆಲದ ಮೇಲೆ ಮಲಗಿಸಿ ಒತ್ತಬೇಕು. ಒಬ್ಬರು 108ಕ್ಕೆ ಫೋನ್ ಮಾಡಿ ಸ್ಪೀಕರ್‌ನಲ್ಲಿ ಇಡಿ. ಆಂಬುಲೆನ್ಸ್ ಬರುವ ತನಕ ಕೈ ಬದಲಿಸುತ್ತಾ ಒತ್ತಿ. ಎರಡು ನಿಮಿಷಕ್ಕೊಮ್ಮೆ ಜನ ಬದಲಾಗಲೇಬೇಕು, ದಣಿದ ಕೈ ಆಳಕ್ಕೆ ಹೋಗುವುದಿಲ್ಲ. ನಿಮ್ಮೂರಿನ ಆ ಇಪ್ಪತ್ತು ಜನ ಇದ್ದಾರಲ್ಲ, ಅವರು ಇದಕ್ಕೆ ಉಪಯೋಗಕ್ಕೆ ಬರಲಿ. ಆಂಬುಲೆನ್ಸ್ ಬರುವುದೇ ಇಲ್ಲ ಅಂತ ಖಾತ್ರಿ ಆದರೆ ಗೂಡ್ಸ್ ಗಾಡಿಯ ಹಿಂದೆ ನೆಲಕ್ಕೆ ಮಲಗಿಸಿ ಒತ್ತುತ್ತಾ ಬನ್ನಿ, ಹತ್ತಿರದ ತಾಲೂಕು ಆಸ್ಪತ್ರೆಗೆ. ಹುಬ್ಬಳ್ಳಿಗೇ ಹೋಗಬೇಕು ಅಂತ ಹಟ ಬೇಡ. ಶಾಕ್ ಕೊಡುವ ಯಂತ್ರ ಎಲ್ಲಿ ಮೊದಲು ಸಿಗುತ್ತದೋ ಅಲ್ಲಿಗೆ.

ಗುರುತಿಸುವುದು ಹೇಗೆ ಅನ್ನುವುದೇ ಆ 11ರ ವಿಷಯ. ಭುಜ ತಟ್ಟಿ ಜೋರಾಗಿ ಕರೆಯಿರಿ. ಎಚ್ಚರ ಇಲ್ಲ, ಉಸಿರು ಇಲ್ಲ ಅಥವಾ ಸರಿ ಇಲ್ಲ, ಅಷ್ಟಾದರೆ ಒತ್ತಲು ಶುರು ಮಾಡಿ. ನಾಡಿ ಹುಡುಕುತ್ತಾ ಕೂರಬೇಡಿ, ನಮಗೇ ಕೆಲವು ಸಲ ಸಿಗುವುದಿಲ್ಲ. ಎಲ್ಲರೂ ಎಡವುವುದು ಒಂದೇ ಜಾಗದಲ್ಲಿ. ಬಡಿತ ನಿಂತ ಮೇಲೂ ಮೊದಲ ಕೆಲವು ನಿಮಿಷ ಬಾಯಿ ತೆರೆದು ಗೊರ ಗೊರ ಅಂತ ಆಗೊಮ್ಮೆ ಈಗೊಮ್ಮೆ ಎಳೆಯುತ್ತಿರುತ್ತಾರೆ. ಅದನ್ನು ನೋಡಿ "ಉಸಿರಾಡ್ತಾ ಇದಾನೆ, ಏನೂ ಆಗಿಲ್ಲ" ಅಂತ ಬಿಡುತ್ತಾರೆ. ಅದು ಉಸಿರಾಟ ಅಲ್ಲ. ಕೈಕಾಲು ಸ್ವಲ್ಪ ಅದುರಬಹುದು, ಅದನ್ನು ಫಿಟ್ಸ್ ಅಂತ ತಿಳಿದು ಬೀಗದ ಕೈ ಹುಡುಕುತ್ತಾರೆ.

ಒತ್ತುವುದು ಎದೆಯ ನಡುವಿನ ಎಲುಬಿನ ಕೆಳ ಅರ್ಧದ ಮೇಲೆ. ಒಂದು ಅಂಗೈ ಬುಡ, ಅದರ ಮೇಲೆ ಇನ್ನೊಂದು ಕೈ, ಮೊಣಕೈ ನೇರ. 5ರಿಂದ 6 ಸೆಂಟಿಮೀಟರ್ ಆಳ, ನಿಮಿಷಕ್ಕೆ 100ರಿಂದ 120 ಸಲ. ಪ್ರತಿ ಸಲ ಎದೆ ಪೂರ್ತಿ ಮೇಲೆ ಬರಲು ಬಿಡಿ. ಬಾಯಿಗೆ ಬಾಯಿ ಇಟ್ಟು ಊದಲು ಕಲಿತಿಲ್ಲ ಅಂದರೆ ಬೇಡವೇ ಬೇಡ, ಬರೀ ಒತ್ತಿ. ನಮ್ಮ ದೇಶದ ಅರಿವಳಿಕೆ ತಜ್ಞರು ಜನಸಾಮಾನ್ಯರಿಗೆ ಅಂತ ಮಾಡಿದ ಪಾಠದಲ್ಲೂ ಬರೀ ಒತ್ತುವುದೇ ಇದೆ. ಆದರೆ ನೀರಿನಲ್ಲಿ ಮುಳುಗಿದವರಿಗೆ, ಸಣ್ಣ ಮಕ್ಕಳಿಗೆ ಉಸಿರೂ ಬೇಕು, ಅದನ್ನು ತರಬೇತಿಯಲ್ಲಿ ಕಲಿಯಿರಿ.


ಉಣಕಲ್_ಕೆರೆ_ವಾಕಿಂಗ್:

ನಾನು ರಿಟೈರ್ಡ್ ಮನುಷ್ಯ. ಕೆರೆ ದಂಡೆಯಲ್ಲಿ ನಮ್ಮದೊಂದು ಬೆಳಗಿನ ಗುಂಪು ಇದೆ, ಎಲ್ಲರೂ ಅರವತ್ತು ದಾಟಿದವರು, ಅರ್ಧ ಜನರಿಗೆ ಸ್ಟೆಂಟ್. 2021ರ ಅಕ್ಟೋಬರ್‌ನಲ್ಲಿ ಪುನೀತ್ ಹೋದಾಗ ಎಲ್ಲರೂ ಹೆದರಿ ಇಸಿಜಿ ಮಾಡಿಸಿದ್ದೇ ಮಾಡಿಸಿದ್ದು. ಆದರೆ ಪಕ್ಕದವನು ಬಿದ್ದರೆ ಏನು ಮಾಡಬೇಕು ಅಂತ ಒಬ್ಬನೂ ಕಲಿಯಲಿಲ್ಲ. ಅದು ನಿಜ.

ನಮ್ಮ ಭಯ ಎರಡು. ಒತ್ತುವಾಗ ಪಕ್ಕೆಲುಬು ಮುರಿದರೆ? ಮತ್ತು ಆ ಮನುಷ್ಯ ಸತ್ತರೆ ಪೊಲೀಸರು ಕರೆದು ಕೂರಿಸಿದರೆ?


ಚಿಗರಿ_ಪ್ಯಾಸೆಂಜರ್:

ಸರ್, ನಾನು ವಕೀಲರ ಆಫೀಸಿನಲ್ಲಿ ಕೆಲಸ ಮಾಡುತ್ತೇನೆ. ಪೊಲೀಸ್ ವಿಷಯಕ್ಕೆ ಹೇಳುತ್ತೇನೆ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿದ 134ಎ ಕಲಂ ಸಹಾಯ ಮಾಡಿದವರಿಗೆ ರಕ್ಷಣೆ ಕೊಡುತ್ತದೆ, ಆದರೆ ಅದು ರಸ್ತೆ ಅಪಘಾತಕ್ಕೆ. ವಾಕಿಂಗ್‌ನಲ್ಲಿ ಬಿದ್ದವರಿಗೆ ಅದು ಬರುವುದಿಲ್ಲ. ಆದರೆ ಹಳೆಯ ಐಪಿಸಿಯಲ್ಲೇ 92ನೇ ಕಲಂ ಇತ್ತು, ಈಗಿನ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದು 30. ಒಪ್ಪಿಗೆ ಕೊಡುವ ಸ್ಥಿತಿಯಲ್ಲಿ ಇಲ್ಲದವರಿಗೆ ಒಳ್ಳೆಯ ಉದ್ದೇಶದಿಂದ, ಅವರ ಹಿತಕ್ಕಾಗಿ ಮಾಡಿದ ಕೆಲಸ ಅಪರಾಧ ಆಗುವುದಿಲ್ಲ. ಧೈರ್ಯವಾಗಿ ಒತ್ತಿ.

ಇನ್ನು ಆ 5ರ ಮಾತು ಯಾರೂ ಆಡುತ್ತಿಲ್ಲವಲ್ಲ. ಶಾಕ್ ಯಂತ್ರ. ಎಇಡಿ ಅಂತಾರೆ. ತೆರೆದರೆ ಅದೇ ಮಾತಾಡುತ್ತದೆ, ಪ್ಯಾಡ್ ಎಲ್ಲಿ ಅಂಟಿಸಬೇಕು ಅಂತ ಚಿತ್ರ ಇರುತ್ತದೆ, ಶಾಕ್ ಬೇಕಾ ಬೇಡವಾ ಅಂತ ಅದೇ ನಿರ್ಧಾರ ಮಾಡುತ್ತದೆ. ಬೇಡದವರಿಗೆ ಕೊಡುವುದಿಲ್ಲ. ನಾನು ಹೋಗುತ್ತಿದ್ದ ಒಂದು ಜಿಮ್‌ನಲ್ಲಿ ಇತ್ತು. ಗಾಜಿನ ಕಪಾಟಿನಲ್ಲಿ, ಬೀಗ ಹಾಕಿ. ಕೀಲಿ ಮಾಲೀಕರ ಹತ್ತಿರ, ಮಾಲೀಕರು ಸಂಜೆ ಬರುತ್ತಾರೆ. ಕೇಳಿದರೆ "ಕಾಸ್ಟ್ಲಿ ಐಟಂ ಸರ್" ಅಂದರು. ಹುಬ್ಬಳ್ಳಿ-ಧಾರವಾಡದ ಬಿಆರ್‌ಟಿಎಸ್ ಬಸ್ ದಾರಿಯುದ್ದಕ್ಕೂ ನಿಲ್ದಾಣಗಳಿವೆ, ಎಲ್ಲದರಲ್ಲೂ ಸಿಬ್ಬಂದಿ ಕೂತಿರುತ್ತಾರೆ, ಕ್ಯಾಮೆರಾ ಇರುತ್ತದೆ, ಜನ ಇರುತ್ತಾರೆ. ಯಂತ್ರ ಇಡಲು ಅದಕ್ಕಿಂತ ಒಳ್ಳೆಯ ಜಾಗ ಯಾವುದಿದೆ ಹೇಳಿ?


ಗದಗ_ರಾತ್ರಿಪಾಳಿ:

ಪಕ್ಕೆಲುಬು ಮುರಿಯಬಹುದು ಸರ್, ವಯಸ್ಸಾದವರಲ್ಲಿ ಬಹಳ ಸಲ ಮುರಿಯುತ್ತದೆ. ಮುರಿದ ಎಲುಬು ಕೂಡುತ್ತದೆ. ಟಕ್ ಅಂತ ಕೇಳಿದರೆ ಕೈ ಸರಿಯಾದ ಜಾಗದಲ್ಲಿದೆಯಾ ನೋಡಿ ಮುಂದುವರಿಸಿ.

ಇನ್ನೊಂದು, ಯಾರೂ ಬಾಯಿ ಬಿಟ್ಟು ಕೇಳದೇ ಇರುವುದು. ಬಿದ್ದವರು ಹೆಣ್ಣುಮಗಳು ಆಗಿದ್ದರೆ ಗಂಡಸರು ಎದೆ ಮುಟ್ಟಲು ಹಿಂದೆ ಸರಿಯುತ್ತಾರೆ. ಬರೀ ನಮ್ಮಲ್ಲಿ ಅಲ್ಲ, ಅಮೆರಿಕದಲ್ಲೂ ಸಾರ್ವಜನಿಕ ಜಾಗದಲ್ಲಿ ಬಿದ್ದ ಹೆಂಗಸರಿಗೆ ಗಂಡಸರಷ್ಟು ಸಹಾಯ ಸಿಗುವುದಿಲ್ಲ ಅಂತ ಅಧ್ಯಯನಗಳು ಹೇಳಿವೆ. ಸೀರೆ ಮೇಲೆಯೇ ಒತ್ತಬಹುದು. ಯಾರಾದರೂ ಏನಾದರೂ ಅಂದರೆ ಅನ್ನಲಿ.


ನವನಗರದವಳು:

ಅನ್ನುತ್ತಾರೆ, ಖಂಡಿತ ಅನ್ನುತ್ತಾರೆ. ಅದಕ್ಕೇ ಹೆಣ್ಣುಮಕ್ಕಳಿಗೂ ಕಲಿಸಿ. ನಮ್ಮ ಸ್ವಸಹಾಯ ಸಂಘದಲ್ಲಿ ಸಾಲದ ಲೆಕ್ಕ, ಹಪ್ಪಳದ ಆರ್ಡರ್ ಬಿಟ್ಟು ಬೇರೆ ಏನೂ ಕಲಿಸಿಲ್ಲ ಇಲ್ಲಿಯ ತನಕ.


ಬ್ಯಾಡಗಿ_ಖಾರ:

ಸರಿ, ನಾನು ಮತ್ತೆ ಬಂದೆ. ಸೂಜಿಗೆ ಇಷ್ಟು ಕಡಿಮೆ ಅಂಕ ಕೊಟ್ಟಿದ್ದೀರಲ್ಲ, ಹಾಗಾದರೆ ಯಾಕೆ ಇನ್ನೂ ಹಾಕುತ್ತೀರಿ? ನಿಲ್ಲಿಸಿಬಿಡಿ. ಮತ್ತೆ ಕೈ ದಣಿಯುತ್ತದೆ ಅಂದಿರಿ. ಎದೆ ಒತ್ತುವ ಮಶಿನ್ ಬಂದಿದೆ ಅಂತ ವಿಡಿಯೋ ನೋಡಿದ್ದೇನೆ. ಅದನ್ನು ತಂದರೆ ಮುಗಿಯಿತಲ್ಲ.


ಸಪ್ತಾಪುರ_ರೂಮ್‌ಮೇಟ್:

ಮಶಿನ್ ಪರೀಕ್ಷೆ ಮಾಡಿದವರೂ ಇದೇ ಪರ್ಕಿನ್ಸ್ 😀 2015ರಲ್ಲಿ ವರದಿ ಬಂತು, 4,471 ಜನ. ಲೂಕಸ್ ಅನ್ನುವ ಯಂತ್ರ. 30 ದಿನ ಬದುಕಿದವರು ಮಶಿನ್ ಗುಂಪಿನಲ್ಲಿ ನೂರಕ್ಕೆ 6, ಕೈಯಿಂದ ಒತ್ತಿದ ಗುಂಪಿನಲ್ಲಿ 7. ಅಂದರೆ ಮಶಿನ್ ಕೈಗಿಂತ ಮೇಲಲ್ಲ. ಓಡುವ ಆಂಬುಲೆನ್ಸಿನಲ್ಲಿ, ಲಿಫ್ಟಿನಲ್ಲಿ ಉಪಯೋಗಕ್ಕೆ ಬರುತ್ತದೆ, ಸಿಬ್ಬಂದಿಗೆ ಸುರಕ್ಷಿತ. ಅಷ್ಟೇ. ಈ ಮನುಷ್ಯನ ಕೆಲಸ ನನಗೆ ಇಷ್ಟ ಆಗುವುದು ಇದಕ್ಕೇ. ಎಲ್ಲರೂ ಒಳ್ಳೆಯದು ಅಂತ ಒಪ್ಪಿಕೊಂಡು ಬಿಟ್ಟಿದ್ದನ್ನು ತೆಗೆದುಕೊಂಡು ಹೋಗಿ ಸಾವಿರಾರು ಜನರ ಮೇಲೆ ಅಳೆದು ನೋಡುತ್ತಾರೆ. ಕಂಪನಿಗಳಿಗೆ ಬೇಜಾರಾದರೆ ಆಗಲಿ.

ಸೂಜಿ ನಿಲ್ಲಿಸುವುದು ಬೇಡ. 3.2 ಮತ್ತು 2.4 ನಡುವಿನ ವ್ಯತ್ಯಾಸ ಸಣ್ಣದು, ಆದರೆ ನಿಜವಾದದ್ದು. ಅಂತರರಾಷ್ಟ್ರೀಯ ಮಾರ್ಗಸೂಚಿಯಲ್ಲಿ ಇವತ್ತಿಗೂ ಅಡ್ರಿನಲಿನ್ ಇದೆ. ಶಾಕ್‌ನಿಂದ ಸರಿಹೋಗದ ಥರದ ಅರೆಸ್ಟ್ ಆದರೆ ಸಾಧ್ಯವಾದಷ್ಟು ಬೇಗ ಕೊಡಿ ಅಂತಲೇ ಇದೆ. ಶಾಕ್ ಕೊಡಬಹುದಾದ ಥರದ್ದಾದರೆ ಮೊದಲು ಶಾಕ್, ಅದು ಹಿಡಿಯದಿದ್ದರೆ ಸೂಜಿ.


ಬ್ಯಾಡಗಿ_ಖಾರ:

ಅಂದರೆ ಉಪ್ಪುನೀರು ಕೊಟ್ಟವರಲ್ಲಿ ಕೆಲವರು ಸೂಜಿ ಕೊಟ್ಟಿದ್ದರೆ ಬದುಕುತ್ತಿದ್ದರು ಅಂತ ನೀವೇ ಒಪ್ಪಿದಿರಿ. ಇರಲಿ, ಮತ್ತೆ ಅದೇ ಜಗಳ ಬೇಡ. ಟ್ರಯಲ್ ಆಗದೇ ಇದ್ದಿದ್ದರೆ ಇದೂ ಗೊತ್ತಾಗುತ್ತಿರಲಿಲ್ಲ ಅಂತ ನೀವು ಹೇಳುತ್ತೀರಿ, ಅದೂ ಗೊತ್ತು.

ಫೋನಿನಲ್ಲಿ ಮಾತಾಡುತ್ತಲೇ ಹೇಳಿಕೊಟ್ಟು ಒತ್ತಿಸುತ್ತಾರಂತಲ್ಲ ಬೇರೆ ದೇಶಗಳಲ್ಲಿ. 108ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲಿ "ಒತ್ತು, ಒತ್ತು, ನಿಲ್ಲಿಸಬೇಡ" ಅಂತ ಒಬ್ಬರು ಎಣಿಸುತ್ತಾ ಹೇಳಿದರೆ ನಮ್ಮ ಜನ ಮಾಡುತ್ತಾರೆ. ಹೇಳುವವರು ಬೇಕು ಅಷ್ಟೇ. ಇದಕ್ಕೆ ಯಾರ ಒಪ್ಪಿಗೆ ಕಾಗದವೂ ಬೇಡ.


ಮುಳಗುಂದ_ನಾಕಾ:

ಸ್ಟಾಕ್‌ಹೋಮ್‌ನಲ್ಲಿ ಮೊಬೈಲ್‌ಗೇ ಮೆಸೇಜ್ ಬರುವ ವ್ಯವಸ್ಥೆ ಮಾಡಿದ್ದರಂತೆ, ಈಗ ಹುಡುಕಿ ಓದಿದೆ. ತರಬೇತಿ ಪಡೆದವರು ಹತ್ತಿರದಲ್ಲಿದ್ದರೆ ಅವರಿಗೆ ಕರೆ ಹೋಗುತ್ತದೆ. ಆಂಬುಲೆನ್ಸ್ ಬರುವ ಮೊದಲೇ ಎದೆ ಒತ್ತಿಸಿಕೊಂಡವರು ನೂರಕ್ಕೆ 48 ಇದ್ದದ್ದು ಸುಮಾರು 62ಕ್ಕೆ ಏರಿತಂತೆ. ಗದಗದಲ್ಲಿ ಯಾರ ಮನೆಯಲ್ಲಿ ನೀರು ಬಂತು ಅಂತ ಹೇಳಲು ನಾಲ್ಕು ವಾಟ್ಸಾಪ್ ಗ್ರೂಪ್ ಇವೆ. ಇದಕ್ಕೆ ಒಂದೂ ಇಲ್ಲ.


ಹಾನಗಲ್_ಕಡೆಯವ:

ಸರಿ, ನನ್ನ ಕೊನೆ ಪ್ರಶ್ನೆ. ಗಣೇಶನ ಹಬ್ಬಕ್ಕೆ ನಮ್ಮ ಮಂಡಳಿಯಲ್ಲಿ ಒಂದು ದಿನ ಸಂಜೆ ಆರ್ಕೆಸ್ಟ್ರಾ ಇರುತ್ತದೆ. ಅದರ ಮೊದಲು ಒಂದು ತಾಸು ಬಿಡಿಸಿಕೊಡುತ್ತೇನೆ. ಕಲಿಸಲು ಯಾರನ್ನು ಕೇಳಬೇಕು? ಗೊಂಬೆ ಬೇಕೇ ಬೇಕಾ? ಬರೀ ಭಾಷಣ ಆದರೆ ಜನ ಎದ್ದು ಹೋಗುತ್ತಾರೆ, ಮೊದಲೇ ಹೇಳಿದ್ದೇನೆ.


ಗದಗ_ರಾತ್ರಿಪಾಳಿ:

ಭಾಷಣ ಬೇಡವೇ ಬೇಡ. ಹಾವೇರಿಯ ಮೆಡಿಕಲ್ ಕಾಲೇಜಿನಲ್ಲಿ ಅರಿವಳಿಕೆ ವಿಭಾಗದವರನ್ನು ಪತ್ರ ಕೊಟ್ಟು ಕೇಳಿ ನೋಡಿ, ಅಥವಾ ರೆಡ್ ಕ್ರಾಸ್ ಜಿಲ್ಲಾ ಘಟಕದವರನ್ನು. ಗೊಂಬೆ ಅವರೇ ತರಬಹುದು. ಎರಡು ಸಿಕ್ಕರೆ ಒಳ್ಳೆಯದು, ಒಂದರ ಮುಂದೆ ಸಾಲು ಉದ್ದ ಆಗುತ್ತದೆ. ಸಿಗದಿದ್ದರೆ ಗಟ್ಟಿ ದಿಂಬಿನ ಮೇಲೂ ಕಲಿಯಬಹುದು, ಆಳ ಗೊತ್ತಾಗುವುದಿಲ್ಲ, ಆದರೆ ವೇಗ ಮತ್ತು ಕೈ ಇಡುವುದು ಬರುತ್ತದೆ. ಬಂದ ಪ್ರತಿಯೊಬ್ಬರೂ ಪೂರ್ತಿ ಎರಡು ನಿಮಿಷ ಒತ್ತಬೇಕು ಅಂತ ಕಡ್ಡಾಯ ಮಾಡಿ. ಆರ್ಕೆಸ್ಟ್ರಾದ ತಬಲಾದವರನ್ನು ನಿಮಿಷಕ್ಕೆ 110ರ ತಾಳ ಹಾಕಲು ಹೇಳಿ, ಅದು ಸರಿಯಾದ ವೇಗ.

ತಾರೀಖು ಗೊತ್ತಾದ ಮೇಲೆ ಇಲ್ಲೇ ಹಾಕಿ. ನನಗೆ ರಜೆ ಸಿಕ್ಕರೆ ಬರುತ್ತೇನೆ.


ಹಾನಗಲ್_ಕಡೆಯವ:

ಆಯ್ತು. ಪತ್ರ ಕನ್ನಡದಲ್ಲಿ ಬರೆದರೆ ನಡೆಯುತ್ತದಲ್ಲ?


ಗದಗ_ರಾತ್ರಿಪಾಳಿ:

ನಡೆಯುತ್ತದೆ. ಮಂಡಳಿಯ ಸೀಲ್ ಹಾಕಿ, ಎಷ್ಟು ಜನ ಸೇರಬಹುದು ಅಂತ ಬರೆಯಿರಿ, ಕರೆಂಟ್ ಮತ್ತು ಚಾಪೆ ವ್ಯವಸ್ಥೆ ಇದೆ ಅಂತಲೂ ತಿಳಿಸಿ.